ಕರ್ನಾಟಕದಲ್ಲಿ ಬಾಸೆಲ್ ಮಿಷನ್‌ನ ಸಾಮಾಜಿಕ ಕಾರ್ಯ

ಬಾಸೆಲ್ ಮಿಷನ್ ಎಂಬುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಗೊಂಡ ಪ್ರೊಟೆಸ್ಟಂಟ್ ಕ್ರೈಸ್ತ ಸಂಸ್ಥೆ. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯು ಮೊದಲನೆಯ ಮಹಾಯುದ್ಧದವರೆಗೆ ದಕ್ಷಿಣ ಕನ್ನಡ, ಧಾರವಾಡ ಸೀಮೆ, ಕೊಡಗು ಹಾಗೂ ಮಲಬಾರಿನಲ್ಲಿ ವ್ಯಾಪಕವಾಗಿ ಕೆಲಸ ಮಾಡಿತು. ಮತಪ್ರಚಾರವು ಅದರ ಘೋಷಿತ ಉದ್ದೇಶವಾಗಿತ್ತು. ಆದರೆ ಕನ್ನಡ ನಾಡಿನಲ್ಲಿ ಅದರ ಹೆಸರು ಇಂದಿಗೂ ಉಳಿದಿರುವುದು ಹೆಚ್ಚಾಗಿ ಮಂಗಳೂರು ಹಂಚು, ನೇಯ್ಗೆ, ಮುದ್ರಣ, ಪತ್ರಿಕೆ, ನಿಘಂಟು ಮತ್ತು ಶಾಲೆಗಳ ಮೂಲಕ. ಇವುಗಳಲ್ಲಿ ಕೈಗಾರಿಕೆಗಳು ಮಿಷನ್ನಿನ ಮೂಲ ಯೋಜನೆಯಲ್ಲಿ ಇರಲೇ ಇಲ್ಲ. ಮತಾಂತರಗೊಂಡವರು ಮನೆ, ಆಸ್ತಿ, ಕಸುಬುಗಳನ್ನು ಕಳೆದುಕೊಂಡಾಗ, ಅವರಿಗೆ ನಂಬಿಕೆಯನ್ನು ಬೋಧಿಸಿದವರು ಅವರ ಅನ್ನದ ಪ್ರಶ್ನೆಗೂ ಉತ್ತರ ಹುಡುಕಬೇಕಾಯಿತು. ಆ ಉತ್ತರವೇ ಕರಾವಳಿಯ ಆಧುನಿಕ ಕೈಗಾರಿಕೆಯ ಆರಂಭವಾಯಿತು.

ಹಿನ್ನೆಲೆ

ಬಾಸೆಲ್ ಮಿಷನ್ನಿನ ಬೇರುಗಳು ಜರ್ಮನಿಯ ಪೈಯಟಿಸಂ ಎಂಬ ಭಕ್ತಿಪಂಥದಲ್ಲಿವೆ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಲೂಥರನ್ ಪಾದ್ರಿ ಆರಂಭಿಸಿದ ಈ ಚಳವಳಿಯು ಸಿದ್ಧಾಂತದ ವಾದಗಳಿಗಿಂತ ದಿನನಿತ್ಯದ ನಡತೆಗೆ ಹೆಚ್ಚಿನ ಬೆಲೆ ಕೊಟ್ಟಿತು. ನಿಜವಾದ ನಂಬಿಕೆಯು ಬಾಳಿನಲ್ಲಿ ಕಾಣಿಸಿಕೊಳ್ಳಬೇಕೆಂಬುದು ಅದರ ತಿರುಳು. ಸ್ಪೇನರನ ಅನುಯಾಯಿ ಆಗಸ್ಟ್ ಹೆರ್ಮನ್ ಫ್ರಾಂಕೆಯು ಹಾಲೆ ಪಟ್ಟಣದಲ್ಲಿ ಅನಾಥಾಲಯ, ಬಡ ಮಕ್ಕಳ ಶಾಲೆ, ಔಷಧಾಲಯ, ಮುದ್ರಣಾಲಯಗಳನ್ನು ಒಂದೇ ಆವರಣದಲ್ಲಿ ಕಟ್ಟಿ ಈ ತತ್ತ್ವಕ್ಕೆ ರೂಪ ಕೊಟ್ಟನು. ಮುಂದೆ ಮಂಗಳೂರಿನಲ್ಲಿ ಬೆಳೆದ ಮಿಷನ್ ಆವರಣವನ್ನು ನೋಡಿದರೆ ಹಾಲೆಯ ಮಾದರಿ ನೆನಪಾಗದೆ ಇರದು.

ಬಾಸೆಲ್ಲಿನಲ್ಲಿ ತರಬೇತಿ ಪಡೆದವರಲ್ಲಿ ಅನೇಕರು ನೆರೆಯ ವ್ಯುರ್ಟೆಂಬರ್ಗ್ ಪ್ರಾಂತ್ಯದ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ವಿಶ್ವವಿದ್ಯಾಲಯದಲ್ಲಿ ಓದಿದ ಹೆರ್ಮನ್ ಮೊಗ್ಲಿಂಗನಂತಹವರು ಅಪವಾದವೆನ್ನಬಹುದು. ಕೈಕಸುಬನ್ನು ಕೀಳಾಗಿ ಕಾಣದ, ದುಡಿಮೆಯನ್ನು ದೇವರ ಸೇವೆಯೆಂದೇ ಭಾವಿಸುವ ಹಳ್ಳಿಗಾಡಿನ ಮನೋಭಾವ ಅವರೊಂದಿಗೆ ಬಂದಿತು. ಕಸುಬುಗಳೆಲ್ಲ ಜಾತಿಗೆ ಕಟ್ಟುಬಿದ್ದಿದ್ದ ಸಮಾಜದಲ್ಲಿ ಈ ಮನೋಭಾವವು ಬೋಧನೆಗಿಂತ ಹೆಚ್ಚಿನ ಪರಿಣಾಮವನ್ನು ಉಂಟುಮಾಡಿತು.

ಮಂಗಳೂರಿಗೆ ಆಗಮನ

ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಕಾಯಿದೆಯು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ನೆಲೆಸಲು ದಾರಿ ಮಾಡಿತು. ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಯೋಹಾನ್ ಲೆಹ್ನರ್ ಮತ್ತು ಕ್ರಿಸ್ಟೋಫ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಬಂದಿಳಿದು, 1834ರ ಅಕ್ಟೋಬರ್ ತಿಂಗಳಲ್ಲಿ ಮಂಗಳೂರನ್ನು ತಲುಪಿದರು. 1836ರಲ್ಲಿ ಅಲ್ಲಿ ಕನ್ನಡ ಶಾಲೆ ತೆರೆಯಿತು. ಅದೇ ವರ್ಷ ಮೊಗ್ಲಿಂಗ್ ಬಂದನು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೇಂದ್ರಗಳು ಸ್ಥಾಪನೆಯಾದವು.

ಮೊದಲ ದಶಕದಲ್ಲಿ ಊರಿನ ಮೇಲುಜಾತಿಯ ಕುಟುಂಬಗಳೂ ತಮ್ಮ ಮಕ್ಕಳನ್ನು ಮಿಷನ್ ಶಾಲೆಗೆ ಕಳುಹಿಸುತ್ತಿದ್ದವು. 1844ರ ಆರಂಭದಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ಬ್ರಾಹ್ಮಣ ವಿದ್ಯಾರ್ಥಿಯು ಇಬ್ಬರು ಸಂಗಡಿಗರೊಂದಿಗೆ ದೀಕ್ಷಾಸ್ನಾನ ಪಡೆದಾಗ ಪಟ್ಟಣವೇ ಕದಡಿತು. ಶಾಲೆಯ ಬೆಂಚುಗಳು ಬರಿದಾದವು. ಕೌಂಡಿಣ್ಯನು ಮೊಗ್ಲಿಂಗನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು, ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದನು. ಮುಂದೆ ಕೊಡಗಿನ ಆನಂದಪುರದಲ್ಲಿ, ಅಸ್ಪೃಶ್ಯತೆಗೆ ಒಳಗಾಗಿದ್ದ ಹೊಲೆಯ ಸಮುದಾಯದ ಕ್ರೈಸ್ತರ ನಡುವೆ ಆತನು ಕೆಲಸ ಮಾಡಿದನು. ತನ್ನ ಜಾತಿಯವರು ಹತ್ತಿರ ಸುಳಿಯದಿದ್ದ ಜನರ ನಡುವೆ ಆತನು ಬಾಳಿದ್ದು ಅಂದಿನ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಜೀವನೋಪಾಯದ ಪ್ರಶ್ನೆ

ಮಿಷನ್ನಿಗೆ ಬಂದವರಲ್ಲಿ ಕೌಂಡಿಣ್ಯನಂತಹವರು ಬೆರಳೆಣಿಕೆಯಷ್ಟು. ದಕ್ಷಿಣ ಕನ್ನಡದಲ್ಲಿ ಕ್ರೈಸ್ತರಾದವರಲ್ಲಿ ಬಹುಪಾಲು ಜನ ಬಿಲ್ಲವ ಸಮುದಾಯದವರು. ತೆಂಗು, ತಾಳೆ ಮರಗಳಿಂದ ಕಳ್ಳು ಇಳಿಸುವ ಮೂರ್ತೆ ಕಸುಬು ಅವರಲ್ಲಿ ಅನೇಕರ ಪರಂಪರಾಗತ ವೃತ್ತಿಯಾಗಿತ್ತು. ಮದ್ಯಪಾನವನ್ನು ಪಾಪವೆಂದು ಬಗೆದ ಮಿಷನ್, ಕ್ರೈಸ್ತರು ಕಳ್ಳಿನ ಕಸುಬು ಮಾಡಕೂಡದೆಂದು ವಿಧಿಸಿತು. ಭೂತಾರಾಧನೆಯಲ್ಲಿ ಪಾಲ್ಗೊಳ್ಳುವುದಕ್ಕೂ ನಿಷೇಧವಿತ್ತು. ಭೂತದ ಕೋಲವು ತುಳುನಾಡಿನಲ್ಲಿ ಪೂಜೆಯಷ್ಟೇ ಆಗಿರದೆ ಊರಿನ ನ್ಯಾಯ, ಜಮೀನಿನ ಸಂಬಂಧ, ಗುತ್ತಿನ ಮನೆಯ ಅಧಿಕಾರಗಳೊಂದಿಗೆ ಹೆಣೆದುಕೊಂಡ ವ್ಯವಸ್ಥೆ. ಅದರಿಂದ ಹೊರಬಂದ ಒಕ್ಕಲು ಬೇಸಾಯದ ನೆಲವನ್ನೂ ಕಳೆದುಕೊಳ್ಳುವ ಸಂಭವವಿತ್ತು.

ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿಯು ತಾಯಿಯ ಕಡೆಯ ಕುಟುಂಬಕ್ಕೆ ಸೇರಿದ್ದು. ಜಾತಿಯಿಂದ ಹೊರಬಿದ್ದವನಿಗೆ ಕುಟುಂಬವೂ ಇಲ್ಲ, ಪಾಲೂ ಇಲ್ಲ ಎಂಬಂತಾಗುತ್ತಿತ್ತು. ಮತಾಂತರಗೊಂಡವನ ಆಸ್ತಿಹಕ್ಕನ್ನು ರಕ್ಷಿಸುವ ಕಾಯಿದೆಯು 1850ರಲ್ಲಿ ಜಾರಿಗೆ ಬಂದಿತಾದರೂ ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಕೂಲಿಯವನಿಗೆ ಇರಲಿಲ್ಲ. ಹೀಗೆ ದೀಕ್ಷಾಸ್ನಾನದ ಮರುದಿನವೇ ಒಂದು ಕುಟುಂಬ ನಿರ್ಗತಿಕವಾಗುವುದು ಅಪರೂಪವಾಗಿರಲಿಲ್ಲ. ಇಂತಹವರಿಗೆ ದಾನವಾಗಿ ಅಕ್ಕಿ, ಬಟ್ಟೆ ಕೊಟ್ಟರೆ ಅವರು ಹೊಟ್ಟೆಪಾಡಿಗಾಗಿ ಮತ ಬದಲಿಸಿದವರೆಂಬ ಆರೋಪ ಬರುತ್ತಿತ್ತು. ಕೊಡದಿದ್ದರೆ ಅವರು ಉಪವಾಸ ಬೀಳುತ್ತಿದ್ದರು. ದಾನದ ಬದಲು ದುಡಿಮೆಯನ್ನು ಒದಗಿಸುವುದೆಂಬ ತೀರ್ಮಾನ ಈ ಇಕ್ಕಟ್ಟಿನಲ್ಲಿ ಹುಟ್ಟಿತು.

ಮೊದಲ ಪ್ರಯೋಗಗಳು ಕೈಗೂಡಲಿಲ್ಲ. ಗದಗಿನ ಸಮೀಪದ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಸ್ಥಾಪಿಸಿದ ಬೇಸಾಯದ ವಸಾಹತು ಬಾಳಲಿಲ್ಲ. ಕರಾವಳಿಯಲ್ಲಿಯೂ ಬಗೆಬಗೆಯ ಸಣ್ಣ ಕಸುಬುಗಳನ್ನು ಪರೀಕ್ಷಿಸಿ ಕೈಬಿಡಲಾಯಿತು. ಕೊನೆಗೆ ನೆಲೆ ನಿಂತವು ನೇಯ್ಗೆ, ಮುದ್ರಣ ಮತ್ತು ಹಂಚು.

ನೇಯ್ಗೆ

ಮಂಗಳೂರಿನಲ್ಲಿ ನೇಯ್ಗೆಯ ಕೆಲಸ 1844ರಲ್ಲಿಯೇ ಆರಂಭವಾಗಿದ್ದರೂ, 1851ರಲ್ಲಿ ಯೋಹಾನ್ನೆಸ್ ಹಾಲರ್ ಎಂಬ ಪರಿಣತ ನೇಕಾರನು ಬಂದ ಮೇಲೆ ಅದಕ್ಕೆ ಕೈಗಾರಿಕೆಯ ರೂಪ ಬಂದಿತು. ಲಾಳಿಯನ್ನು ಹಗ್ಗದಿಂದ ಎಳೆದು ಓಡಿಸುವ ಯುರೋಪಿನ ಮಾದರಿಯ ಕೈಮಗ್ಗಗಳನ್ನು ಆತನು ಬಳಕೆಗೆ ತಂದನು. ಇದರಿಂದ ಅಗಲವಾದ ಬಟ್ಟೆಯನ್ನು ಬೇಗ ನೇಯಲು ಸಾಧ್ಯವಾಯಿತು. ಅಂಗಿಬಟ್ಟೆ, ಮೇಜುಬಟ್ಟೆ, ಟವೆಲುಗಳು ದೂರದ ಪೇಟೆಗಳಿಗೂ ಹೋದವು. ಕಣ್ಣೂರು, ಕಲ್ಲಿಕೋಟೆಗಳಲ್ಲಿಯೂ ನೇಯ್ಗೆಯ ಶಾಖೆಗಳು ಬೆಳೆದವು.

ಖಾಕಿ ಬಣ್ಣವನ್ನು ಹಾಲರನೇ ಮಂಗಳೂರಿನಲ್ಲಿ ಕಂಡುಹಿಡಿದನೆಂಬ ಮಾತು ಕರಾವಳಿಯಲ್ಲಿ ಪ್ರಚಲಿತವಾಗಿದೆ. ಆದರೆ ಹಾಲರನು ಭಾರತಕ್ಕೆ ಬರುವ ಮೊದಲೇ, 1840ರ ದಶಕದ ಕೊನೆಯಲ್ಲಿ, ವಾಯವ್ಯ ಗಡಿಯ ಗೈಡ್ಸ್ ಪಡೆಯು ಮಣ್ಣಿನ ಬಣ್ಣದ ಸಮವಸ್ತ್ರವನ್ನು ತೊಡತೊಡಗಿತ್ತು. ಆದ್ದರಿಂದ ಈ ಹೇಳಿಕೆಯನ್ನು ಮಂಗಳೂರಿನಲ್ಲಿ ತಯಾರಾದ ಒಂದು ಗಟ್ಟಿ ಬಣ್ಣದ ಕುರಿತಾದ ನೆನಪು ಎಂದಷ್ಟೇ ತೆಗೆದುಕೊಳ್ಳುವುದು ಸೂಕ್ತ.

ಮಂಗಳೂರು ಹಂಚು

1865ರಲ್ಲಿ ಗಿಯೋರ್ಗ್ ಪ್ಲೆಬ್‌ಸ್ಟ್ ಎಂಬ ಮಿಷನರಿಯು ನೇತ್ರಾವತಿ ನದಿಯ ದಡದ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಯಂತ್ರಕುಶಲಿಯಾಗಿದ್ದ ಪ್ಲೆಬ್‌ಸ್ಟ್ ಮಂಗಳೂರಿಗೆ ಬಂದಿದ್ದುದು ಮುದ್ರಣಾಲಯದ ಕೆಲಸಕ್ಕಾಗಿ. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಯುರೋಪಿನ ಮಾದರಿಯ ಹಂಚಿಗೆ ಹೇಳಿ ಮಾಡಿಸಿದಂತಿದೆಯೆಂಬುದನ್ನು ಆತನು ಪ್ರಯೋಗಗಳಿಂದ ಕಂಡುಕೊಂಡನು.

ಆ ಕಾಲದಲ್ಲಿ ಕರಾವಳಿಯ ಬಡವರ ಮನೆಗಳಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲಿನ ಮಾಡು. ಅದನ್ನು ಮಳೆಗಾಲಕ್ಕೆ ಮುಂಚೆ ಪ್ರತಿವರ್ಷವೂ ಹೊಸದಾಗಿ ಹೊದಿಸಬೇಕು. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಯೇ ಉರಿದುಹೋಗುತ್ತಿತ್ತು. ಉಳ್ಳವರ ಮನೆಗಳಿಗೆ ಕುಂಬಾರರು ಮಾಡಿದ ಅರೆಗೊಳವೆಯಾಕಾರದ ನಾಡಹಂಚು ಇರುತ್ತಿತ್ತು. ಅದನ್ನು ಪದರಪದರವಾಗಿ ಒತ್ತೊತ್ತಾಗಿ ಹೊದಿಸಬೇಕಾಗಿದ್ದುದರಿಂದ ಭಾರ ಹೆಚ್ಚು, ಮರವೂ ಹೆಚ್ಚು. ಹೊಸ ಹಂಚು ಚಪ್ಪಟೆಯಾಗಿದ್ದು, ಅಂಚಿನ ಗಾಡಿಗಳಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಹಿಂಬದಿಯ ಉಬ್ಬು ರೀಪಿಗೆ ಆತು ನಿಲ್ಲುತ್ತದೆ. ಒಂದರ ಮೇಲೊಂದು ಏರುವ ಭಾಗ ಕಡಿಮೆಯಾದುದರಿಂದ ಮಾಡಿನ ಭಾರ ಇಳಿಯಿತು. ಕರಾವಳಿಯ ಜಡಿಮಳೆಯನ್ನು ತಡೆದುಕೊಂಡೂ ಒಳಗಿನ ಸೆಖೆಯನ್ನು ಹೊರಹೋಗಲು ಬಿಡುವುದು ಇದರ ಮತ್ತೊಂದು ಗುಣ. ಒಡೆದ ಒಂದು ಹಂಚನ್ನು ಮಾತ್ರ ತೆಗೆದು ಬೇರೊಂದನ್ನು ಹಾಕಬಹುದಾದ್ದರಿಂದ ದುರಸ್ತಿಯೂ ಸುಲಭ.

ತಯಾರಿಕೆಯ ಕ್ರಮ ಹೀಗಿತ್ತು: ನದಿದಂಡೆಯಿಂದ ದೋಣಿಗಳಲ್ಲಿ ತಂದ ಜೇಡಿಮಣ್ಣನ್ನು ರಾಶಿ ಹಾಕಿ ಹದಗೊಳಿಸಿ, ಯಂತ್ರದಲ್ಲಿ ಅರೆದು ನಾದಿ, ಹಲಗೆಗಳಾಗಿ ಕತ್ತರಿಸಿ, ಅಚ್ಚಿನಲ್ಲಿ ಒತ್ತಿ, ನೆರಳಿನ ಚಪ್ಪರಗಳಲ್ಲಿ ಅಟ್ಟಗಳ ಮೇಲೆ ಒಣಗಿಸಿ, ಕಟ್ಟಿಗೆ ಉರಿಸುವ ಗೂಡುಗಳಲ್ಲಿ ಸುಡಲಾಗುತ್ತಿತ್ತು. ಆರಂಭದಲ್ಲಿ ಎತ್ತುಗಳಿಂದ ನಡೆಯುತ್ತಿದ್ದ ಯಂತ್ರಗಳಿಗೆ ಮುಂದೆ ಉಗಿಶಕ್ತಿ ಬಂದಿತು. ಮಣ್ಣು ಹೊರುವುದು, ಹಂಚು ಅಟ್ಟಕ್ಕೇರಿಸುವುದು, ಅಂಚು ತಿದ್ದುವುದು ಮುಂತಾದ ಕೆಲಸಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಕೈಗೆ ನೇರವಾಗಿ ಕೂಲಿ ಪಡೆಯುವ ಹೆಂಗಸರ ಒಂದು ವರ್ಗ ಮಂಗಳೂರಿನಲ್ಲಿ ಕಾಣಿಸಿಕೊಂಡಿತು.

ಬೇಡಿಕೆ ಏರಿದಂತೆ ಮಂಗಳೂರಿನ ಕುದ್ರೋಳಿ, ಉಡುಪಿಯ ಸಮೀಪದ ಮಲ್ಪೆ, ಮಲಬಾರಿನ ಕಲ್ಲಿಕೋಟೆ, ಕೊಡಕಲ್, ಪಾಲಕ್ಕಾಡು ಮತ್ತು ಫೆರೋಕ್‌ಗಳಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆಗಳು ತೆರೆದವು. ಹಂಚುಗಳು ಹಡಗುಗಳಲ್ಲಿ ಮುಂಬಯಿಗೂ ಸಿಂಹಳ, ಪೂರ್ವ ಆಫ್ರಿಕಗಳಿಗೂ ಸಾಗಿದವು. ಸ್ಥಳೀಯ ಉದ್ಯಮಿಗಳು ಇದೇ ವಿಧಾನವನ್ನು ಅನುಸರಿಸಿ ತಮ್ಮದೇ ಕಾರ್ಖಾನೆಗಳನ್ನು ತೆರೆದಾಗ ಎಲ್ಲ ಜಾತಿ, ಮತಗಳವರಿಗೆ ಕೆಲಸ ದೊರೆಯಿತು. ಕ್ರೈಸ್ತ ಸಭೆಯ ನಿರ್ಗತಿಕರಿಗೆಂದು ಆರಂಭವಾದ ಕಸುಬು ಹೀಗೆ ಇಡೀ ಜಿಲ್ಲೆಯ ಆಸ್ತಿಯಾಯಿತು. ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹಂಚುಗಳ ಹಿಂಬದಿಯಲ್ಲಿ ಮಿಷನ್ನಿನ ಹೆಸರೂ 1865ರ ಇಸವಿಯೂ ಈಗಲೂ ಓದಲು ಸಿಗುತ್ತವೆ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ಆ ಹಂಚನ್ನು ಸುಟ್ಟ ವರ್ಷವಲ್ಲ.

ಕಾರ್ಖಾನೆಯ ಶಿಸ್ತು ಮತ್ತು ಒಳಗಿನ ವಾದ

ಪಾದ್ರಿಗಳು ವ್ಯಾಪಾರ ಮಾಡಬಹುದೇ ಎಂಬುದು ಮಿಷನ್ನಿನೊಳಗೆ ಬಹುಕಾಲ ನಡೆದ ವಾದ. ಸಂಸ್ಥೆಯ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಭಾರತಕ್ಕೆ ಬಂದು ಕೇಂದ್ರಗಳನ್ನು ಪರಿಶೀಲಿಸಿದ ಮೇಲೆ ಕಸುಬುಗಳ ಆಡಳಿತವನ್ನು ಬೋಧನೆಯಿಂದ ಬೇರ್ಪಡಿಸುವ ಕ್ರಮಗಳು ರೂಪುಗೊಂಡವು. 1859ರಲ್ಲಿ ಬಾಸೆಲ್ಲಿನ ವರ್ತಕರ ಬೆಂಬಲದಿಂದ ಪ್ರತ್ಯೇಕ ವ್ಯಾಪಾರ ಕಂಪನಿಯೊಂದು ಸ್ಥಾಪನೆಯಾಯಿತು. ಹಣ ಹೂಡಿದವರಿಗೆ ಮಿತವಾದ ಲಾಭಾಂಶ, ಉಳಿದುದು ಮಿಷನ್ನಿನ ಕಾರ್ಯಕ್ಕೆ ಎಂಬುದು ಅದರ ಹಿಂದಿನ ಕಲ್ಪನೆ.

ಕಾರ್ಖಾನೆಗಳಲ್ಲಿ ದಿನದ ಕೆಲಸಕ್ಕೆ ಮುನ್ನ ಪ್ರಾರ್ಥನೆ ನಡೆಯುತ್ತಿತ್ತು. ಗಡಿಯಾರಕ್ಕೆ ಹೊಂದಿದ ಕೆಲಸದ ವೇಳೆ, ಭಾನುವಾರದ ರಜೆ, ತಡವಾಗಿ ಬಂದರೆ ದಂಡ, ಕುಡಿತ ಮತ್ತು ಸಾಲದ ವಿರುದ್ಧ ಕಟ್ಟುನಿಟ್ಟು, ಉಳಿತಾಯಕ್ಕೆ ಉತ್ತೇಜನ: ಇವೆಲ್ಲವೂ ಸೇರಿ ಋತುಮಾನ ಮತ್ತು ಹಬ್ಬಗಳಿಗೆ ಹೊಂದಿಕೊಂಡಿದ್ದ ಬದುಕಿನ ಲಯವನ್ನೇ ಬದಲಿಸಿದವು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಚಪ್ಪರದಡಿ ದುಡಿದು, ಒಂದೇ ಬಟ್ಟಲಿನಿಂದ ಪ್ರಭುಭೋಜನದ ದ್ರಾಕ್ಷಾರಸ ಸ್ವೀಕರಿಸಬೇಕಾಗಿತ್ತು. ಸಭೆಯೊಳಗೆ ಜಾತಿಭೇದವನ್ನು ಉಳಿಸಿಕೊಳ್ಳುವುದಕ್ಕೆ ಹೆಬಿಕ್ ಆದಿಯಾಗಿ ಮಿಷನರಿಗಳು ಅವಕಾಶ ಕೊಡಲಿಲ್ಲ. ಈ ನಿಲುವಿನಿಂದಾಗಿ ಸಭೆಯ ಬೆಳವಣಿಗೆ ನಿಧಾನವಾಯಿತೆಂಬುದನ್ನು ಅವರು ಬಲ್ಲರು.

ಮುದ್ರಣ ಮತ್ತು ಕನ್ನಡ

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು. 1843ರ ಜುಲೈ 1ರಂದು ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆಯೆಂದು ಮನ್ನಣೆ ಪಡೆದಿದೆ. ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಪಾಕ್ಷಿಕವಾಗಿದ್ದ ಈ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರಕಾರದ ಆದೇಶಗಳು, ಪರರಾಜ್ಯಗಳ ಸುದ್ದಿ, ಕಥೆಗಳು ಹಾಗೂ ದಾಸರ ಪದಗಳು ಇರುತ್ತಿದ್ದವು. ಮರುವರ್ಷ ಅದು ಬಳ್ಳಾರಿಗೆ ಸ್ಥಳಾಂತರಗೊಂಡು 'ಕನ್ನಡ ಸಮಾಚಾರ'ವಾಯಿತು.

ಮೊಗ್ಲಿಂಗನು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರನ ಧನಸಹಾಯದಿಂದ 1848ರಿಂದ 1853ರವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ಹರಿದಾಸರ ಕೀರ್ತನೆಗಳು ಮೊದಲಾದವನ್ನು ಪ್ರಕಟಿಸಿದನು. ಅಲ್ಲಿಯವರೆಗೆ ತಾಳೆಗರಿ ಮತ್ತು ಕಂಠಪಾಠಗಳಲ್ಲಿ ಉಳಿದಿದ್ದ ಕೃತಿಗಳು ಅಚ್ಚಿನ ಪುಸ್ತಕಗಳಾದವು. ಜನರ ಧರ್ಮವನ್ನು ಅರಿಯದೆ ಅವರೊಡನೆ ಮಾತನಾಡಲಾಗದೆಂಬ ಪ್ರಚಾರಕನ ಲೆಕ್ಕಾಚಾರವೂ ಇದರ ಹಿಂದೆ ಇತ್ತು. ಆದರೆ ಪಠ್ಯವನ್ನು ಸಂಗ್ರಹಿಸಿದ ಶ್ರದ್ಧೆಯನ್ನು ಕಂಡರೆ ಲೆಕ್ಕಾಚಾರವನ್ನು ಮೀರಿದ ಒಲವು ಎದ್ದು ತೋರುತ್ತದೆ.

1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಈ ಒಲವನ್ನು ಜೀವಮಾನದ ದುಡಿಮೆಯಾಗಿ ಮಾಡಿಕೊಂಡನು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದ ಆತನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳಿರುವ ಈ ಕೃತಿಯಲ್ಲಿ ಶಾಸನ, ಕಾವ್ಯಗಳ ಪದಗಳ ಜೊತೆಗೆ ಗಾದೆಗಳೂ ಆಡುನುಡಿಯೂ ಸೇರಿವೆ. ತುಳುವಿಗೂ ಇಂತಹ ಸೇವೆ ಸಂದಿತು: ಬ್ರಿಗೆಲ್‌ನ ತುಳು ವ್ಯಾಕರಣ 1872ರಲ್ಲಿ, ಮ್ಯಾನರ್‌ನ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಹೊರಬಂದವು. ಮಿಷನ್ ಯಾವ ಭೂತಾರಾಧನೆಯನ್ನು ತನ್ನ ಸಭೆಯವರಿಗೆ ನಿಷೇಧಿಸಿತ್ತೋ ಅದರ ಪಾಡ್ದನಗಳನ್ನು ಸಂಗ್ರಹಿಸಿದವನೂ ಇದೇ ಮ್ಯಾನರ್.

ಶಾಲೆ ಮತ್ತು ಆಸ್ಪತ್ರೆ

ಮಿಷನ್ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೂ ಕೆಳಜಾತಿಯ ಮಕ್ಕಳಿಗೂ ಪ್ರವೇಶವಿತ್ತು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಯು ಮಹಾರ್ ಬಾಲಕನೊಬ್ಬನನ್ನು ಸೇರಿಸಿಕೊಳ್ಳಲು ನಿರಾಕರಿಸಿ, ಆ ಪ್ರಕರಣ ಮುಂಬಯಿ ಸರಕಾರದವರೆಗೆ ಹೋಗಿತ್ತೆಂಬುದನ್ನು ನೆನೆದರೆ ಇದರ ಮಹತ್ತ್ವ ತಿಳಿಯುತ್ತದೆ. ವೈದ್ಯಕೀಯ ಸೇವೆ ತಡವಾಗಿ ಬಂದಿತು. ಗದಗ-ಬೆಟಗೇರಿಯಲ್ಲಿ ಮಿಷನ್ ಆಸ್ಪತ್ರೆ ಬೆಳೆಯಿತು. ಉಡುಪಿಯಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಚಿಕಿತ್ಸಾಲಯವು ಈಗ ಅವರ ಹೆಸರಿನ ಆಸ್ಪತ್ರೆಯಾಗಿದೆ.

ಟೀಕೆಗಳು

ಮಿಷನ್ನಿನ ಸಾಮಾಜಿಕ ಕಾರ್ಯದ ಬಗೆಗೆ ಬಂದ ಟೀಕೆಗಳಲ್ಲಿ ಮುಖ್ಯವಾದುದು ಅವಲಂಬನೆಯ ಕುರಿತಾದುದು. ಸಭೆಯ ಹಿರಿಯನೂ ಕಾರ್ಖಾನೆಯ ಧಣಿಯೂ ಮನೆಯ ಒಡೆಯನೂ ಒಂದೇ ಸಂಸ್ಥೆಯಾಗಿದ್ದಾಗ, ನಂಬಿಕೆಯ ವಿಷಯದಲ್ಲಿ ಅಥವಾ ನಡತೆಯಲ್ಲಿ ಎಡವಿದವನಿಗೆ ಉದ್ಯೋಗದ ಭಯವೂ ಇರುತ್ತಿತ್ತು. ಊರಿನ ಯಜಮಾನಿಕೆಯಿಂದ ಬಿಡುಗಡೆ ಹೊಂದಿದವರು ಮತ್ತೊಂದು ಯಜಮಾನಿಕೆಯ ಕೆಳಗೆ ಬಂದರೆಂಬ ಮಾತನ್ನು ತಳ್ಳಿಹಾಕಲಾಗದು. ಆಡಳಿತದ ಮೇಲ್ಮಟ್ಟದ ಸ್ಥಾನಗಳು ಯುರೋಪಿಯನ್ನರ ಕೈಯಲ್ಲಿಯೇ ಬಹುಕಾಲ ಉಳಿದವು. ಕೋಲ, ಪಾಡ್ದನ, ನೇಮಗಳಿಂದ ದೂರವಾದ ಕ್ರೈಸ್ತರು ತುಳುನಾಡಿನ ಹಾಡು, ಕುಣಿತಗಳ ದೊಡ್ಡ ಭಾಗವನ್ನು ಕಳೆದುಕೊಂಡರೆಂಬುದೂ ನಿಜ.

ಸಾಮಾಜಿಕ ಗೌರವಕ್ಕೆ ಮತಾಂತರವೊಂದೇ ದಾರಿಯಾಗಿರಲಿಲ್ಲವೆಂಬುದನ್ನು ಮುಂದಿನ ಇತಿಹಾಸ ತೋರಿಸಿತು. 1870ರ ಸುಮಾರಿಗೆ ಬಿಲ್ಲವ ಮುಖಂಡ ಅರಸಪ್ಪನವರು ಬ್ರಹ್ಮಸಮಾಜದತ್ತ ಮುಖ ಮಾಡಿದರು. ಬ್ರಹ್ಮಸಮಾಜದ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಏಳಿಗೆಗಾಗಿ ಮಂಗಳೂರಿನಲ್ಲಿ ಸಂಸ್ಥೆಯನ್ನು ಕಟ್ಟಿದರು. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದಾಗ, ದೇವಸ್ಥಾನಗಳ ಹೊರಗೇ ನಿಲ್ಲಬೇಕಾಗಿದ್ದ ಬಿಲ್ಲವರಿಗೆ ತಮ್ಮದೇ ದೇಗುಲ ದೊರೆಯಿತು. ಅದೇ ಕುದ್ರೋಳಿಯಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆಯೂ ಇತ್ತು.

ಮಹಾಯುದ್ಧ ಮತ್ತು ಅನಂತರ

1914ರಲ್ಲಿ ಯುದ್ಧ ಆರಂಭವಾದಾಗ ಮಿಷನ್ನಿನ ಜರ್ಮನ್ ಸದಸ್ಯರು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಸಭೆಗಳನ್ನು ನಡೆಸುವ ಹೊಣೆ ಅನಿವಾರ್ಯವಾಗಿ ಸ್ಥಳೀಯ ಪಾದ್ರಿಗಳ ಹೆಗಲೇರಿತು. ಕರಾವಳಿಯ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯನ್ನು ಸೇರಿದವು. ಉತ್ತರ ಕರ್ನಾಟಕದ ಸಭೆಗಳು 1968ರಲ್ಲಿ ಸೇರಿದವು. ಮಂಗಳೂರಿನ ಬಲ್ಮಠದಲ್ಲಿ 1847ರಲ್ಲಿ ಆರಂಭವಾದ ದೇವಜ್ಞಾನ ಶಾಲೆಯ ಪರಂಪರೆಯನ್ನು ಈಗ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಮುಂದುವರಿಸಿದೆ.

ಆ ಪರಂಪರೆಯಲ್ಲಿ ಬೆಳೆದವರಲ್ಲಿ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962) ಗಮನಾರ್ಹರು. ಬಾಸೆಲ್ ಮಿಷನ್ ಪಾದ್ರಿಯಾಗಿ ಉತ್ತರ ಕರ್ನಾಟಕದಲ್ಲಿ ದುಡಿದ ಅವರು ಹಳ್ಳಿಹಳ್ಳಿಗಳಿಂದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ, ಸುಮಾರು 2,000 ವಚನಗಳ ಸಂಗ್ರಹವನ್ನು 1924ರಲ್ಲಿ ಪ್ರಕಟಿಸಿದರು. ಬಸವಣ್ಣನವರ ಅನುಭವ ಮಂಟಪದ ಕುರಿತಾಗಿಯೂ ಅವರು ಆಳವಾದ ಅಧ್ಯಯನ ನಡೆಸಿದರು. 1949ರಲ್ಲಿ ಕಲಬುರಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು.